ಮೊದಲು ಹುಳ ಹೇಳು, ಆಮೇಲೆ ಲೆನ್ಸ್ ಹೇಳ್ತೇನೆ

ಸಣ್ಣ ಜೀವಿಗಳನ್ನು ತೀರ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸ್ ಯಾವುದು ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಯಾವ ಹುಳ ತೆಗೆಯುತ್ತೀರಿ? ಕೇಳಿದವರಿಗೆ ಇದು ತಮಾಷೆ ಅನ್ನಿಸುತ್ತದೆ. ಅವರಿಗೆ ಬೇಕಾಗಿರುವುದು ಒಂದು ನಂಬರು. 60, 90, 100, 105, ಅಂದರೆ ಮಿಲಿಮೀಟರ್ ಲೆಕ್ಕದಲ್ಲಿ ಲೆನ್ಸಿನ ಫೋಕಲ್ ಲೆಂತ್. ಯೂಟ್ಯೂಬಿನಲ್ಲಿ ಲೆನ್ಸಿನ ಶಾರ್ಪ್‌ನೆಸ್ ತೋರಿಸಲು ಇಟ್ಟಿಗೆ ಗೋಡೆಯ ಫೋಟೋ ತೆಗೆಯುತ್ತಾರೆ. ಇಟ್ಟಿಗೆ ಹಾರಿ ಹೋಗುವುದಿಲ್ಲ, ಅಲ್ವಾ?

ಮೊನ್ನೆ ಬೆಂಗಳೂರಿನಿಂದ ಅಣ್ಣನ ಮಗ ಫೋನ್ ಮಾಡಿದ್ದ. ಅವನ ಹತ್ತಿರ ಕ್ಯಾನನ್ 200ಡಿ ಇದೆ. ಜೊತೆಗೆ 18-55 ಮತ್ತು 55-250 ಲೆನ್ಸುಗಳಿವೆ. "ಅತ್ತೆ, ಮಳೆಗಾಲದಲ್ಲಿ ತೋಟಕ್ಕೆ ಬರ್ತೀನಿ, ಅಷ್ಟರೊಳಗೆ ಒಂದು ಮ್ಯಾಕ್ರೋ ಬೇಕು" ಅಂದ. ಯಾವ ಹುಳ ತೆಗೀತೀಯ ಮಾರಾಯ ಅಂದೆ. "ಎಲ್ಲಾ" ಅಂದ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನಿರುವುದು ಸಿದ್ದಾಪುರದ ಕಡೆ, ಅಡಿಕೆ ತೋಟದ ಅಂಚಿನಲ್ಲಿ. ನನ್ನ ಮಾತೆಲ್ಲ ಈ ತೋಟದ ನೆರಳಿಗೆ, ಈ ಮಳೆಗೆ ಹೊಂದುವಂಥದ್ದು. ಬಯಲುಸೀಮೆಯವರ ಬೆಳಕಿನ ಲೆಕ್ಕ ಬೇರೆ.

ಮೊದಲು ಈ 1:1 ಅನ್ನುವುದನ್ನು ಮುಗಿಸಿಬಿಡೋಣ. ಹುಳ ಎಷ್ಟು ಉದ್ದ ಇದೆಯೋ ಸೆನ್ಸರಿನ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕ) ಮೇಲೆ ಅದರ ಬಿಂಬವೂ ಅಷ್ಟೇ ಉದ್ದ ಬೀಳಬೇಕು. ಅದು 1:1. ಅಂಗಡಿಯವರ ಮಾತು ಬೇಡ, ಮಕ್ಕಳ ಸ್ಕೇಲ್ ತಗೊಳ್ಳಿ. ಲೆನ್ಸನ್ನು ಅತಿ ಹತ್ತಿರದ ಫೋಕಸ್‌ಗೆ ತಿರುಗಿಸಿಟ್ಟು, ಸ್ಕೇಲ್ ಸ್ಪಷ್ಟವಾಗಿ ಕಾಣುವವರೆಗೆ ಕ್ಯಾಮೆರಾ ಹಿಂದೆ ಮುಂದೆ ಮಾಡಿ ಒಂದು ಫೋಟೋ ಹೊಡೆಯಿರಿ. ಆ ಕಡೆಯಿಂದ ಈ ಕಡೆಗೆ ಎಷ್ಟು ಮಿಲಿಮೀಟರ್ ಕಾಣುತ್ತದೆ ಎಣಿಸಿ. 200ಡಿಯ ಸೆನ್ಸರ್ ಅಗಲ 22.3 ಮಿ.ಮೀ. ಹಾಗಾಗಿ ಸುಮಾರು 22 ಗೆರೆ ಕಂಡರೆ ಅದು ನಿಜವಾದ ಮ್ಯಾಕ್ರೋ. 44-45 ಕಂಡರೆ ಅರ್ಧ ಮ್ಯಾಕ್ರೋ, ಅಂದರೆ 1:2. ನನ್ನದು ನಿಕಾನ್ ಡಿ7200, ಅದರ ಸೆನ್ಸರ್ ಸ್ವಲ್ಪ ದೊಡ್ಡದು, 23.5. ಹಳೆ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ಆದರೆ 36. ಎಷ್ಟೋ ಝೂಮ್ ಲೆನ್ಸುಗಳ ಮೈಮೇಲೆ 'ಮ್ಯಾಕ್ರೋ' ಅಂತ ಬರೆದಿರುತ್ತದೆ. ಸ್ಕೇಲ್ ಇಟ್ಟು ನೋಡಿದರೆ ನಾಲ್ಕರಲ್ಲಿ ಒಂದು ಭಾಗವೂ ಇರುವುದಿಲ್ಲ. ಇನ್ನೊಂದು ತಮಾಷೆ, ನಿಕಾನ್‌ನವರು ತಮ್ಮ ಮ್ಯಾಕ್ರೋ ಲೆನ್ಸಿಗೆ 'ಮೈಕ್ರೋ' ಅನ್ನುತ್ತಾರೆ. ಎರಡೂ ಒಂದೇ, ಗಾಬರಿ ಬೇಡ.

ಈಗ ಮುಖ್ಯ ವಿಷಯ. 40 ಆಗಲಿ, 60 ಆಗಲಿ, 100 ಆಗಲಿ, 180 ಆಗಲಿ, 1:1 ಇದ್ದರೆ ಹುಳ ಚಿತ್ರದಲ್ಲಿ ಅಷ್ಟೇ ದೊಡ್ಡದಾಗಿ ಬರುತ್ತದೆ. 180ರಲ್ಲಿ ಜಾಸ್ತಿ ದೊಡ್ಡದು ಬರುವುದಿಲ್ಲ. ಹಾಗಾದರೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು? ದೂರಕ್ಕೆ. ಹುಳಕ್ಕೂ ಲೆನ್ಸಿನ ಮೂತಿಗೂ ನಡುವೆ ಉಳಿಯುವ ಜಾಗಕ್ಕೆ.

ಈ ದೂರವನ್ನು ಕಂಪನಿಯ ಹಾಳೆಯಲ್ಲಿ ನೇರವಾಗಿ ಬರೆದಿರುವುದು ಕಡಿಮೆ. ಅಲ್ಲಿರುವುದು 'ಕನಿಷ್ಠ ಫೋಕಸ್ ದೂರ'. ಅದನ್ನು ಅಳೆಯುವುದು ಸೆನ್ಸರಿನಿಂದ. ಕ್ಯಾಮೆರಾದ ತಲೆಯ ಮೇಲೆ ಸೊನ್ನೆಯನ್ನು ಗೀಟೊಂದು ಸೀಳಿದಂಥ ಗುರುತು ಇರುತ್ತದೆ ನೋಡಿ, ಅಲ್ಲಿಂದ. ಅದರಲ್ಲಿ ಕ್ಯಾಮೆರಾದ ದಪ್ಪ, ಲೆನ್ಸಿನ ಉದ್ದ ಎಲ್ಲ ಕಳೆದರೆ ಉಳಿಯುವುದೇ ನಮ್ಮ ಪಾಲಿನ ಜಾಗ. ನಿಕಾನ್‌ನ 40 ಎಂಎಂ ಮೈಕ್ರೋಗೆ ಹಾಳೆಯಲ್ಲಿ 16.3 ಸೆಂ.ಮೀ. ಅಂತ ಇದೆ. ನಿಜವಾಗಿ ಲೆನ್ಸಿನ ಮುಂದೆ ಉಳಿಯುವುದು ಮೂರೂವರೆ ಸೆಂ.ಮೀ. ಆಸುಪಾಸು. ಕ್ಯಾನನ್ ಇಎಫ್-ಎಸ್ 60ಕ್ಕೆ 20 ಸೆಂ.ಮೀ. ಅಂತ ಇದೆ, ಉಳಿಯುವುದು ಒಂಬತ್ತು-ಹತ್ತು. 100 ಮತ್ತು 105ರಲ್ಲಿ ಹದಿಮೂರರಿಂದ ಹದಿನೈದು. 180ರಲ್ಲಿ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಅಡ್ಡ ಬೆಳಕು ತಡೆಯಲು ಮೂತಿಗೆ ಹಾಕುವ ಲೆನ್ಸ್ ಹುಡ್ ಹಾಕಿದರೆ ಇದರಲ್ಲೂ ಒಂದಷ್ಟು ಹೋಯಿತು. ಒಂದೊಂದು ಹುಡ್ ಬಲು ಉದ್ದ. ಹತ್ತಿರದ ಫೋಟೋಗೆ ಅದನ್ನು ಬಿಚ್ಚಿಡುವುದೇ ಒಳ್ಳೆಯದು.

ಮೂರೂವರೆ ಸೆಂ.ಮೀ. ಅಂದರೆ ಎಷ್ಟು ಹತ್ತಿರ ಅಂತ ಗೊತ್ತಾಗಬೇಕಾದರೆ ನಮ್ಮ ಮಾವಿನ ಮರದ ಜೇಡವನ್ನು ನೋಡಬೇಕು. ಮರದಲ್ಲಿ ಚಗಳಿ ಇರುವೆಗಳ ಎಲೆಗೂಡುಗಳಿವೆ. ಆ ಕೆಂಪಿರುವೆಗಳ ನಡುವೆ, ಅವುಗಳ ಹಾಗೇ ಕಾಣುವ ಒಂದು ಜಿಗಿಯುವ ಜೇಡ ಓಡಾಡುತ್ತದೆ. ಮಿರ್ಮಪ್ಲಾಟಾ ಪ್ಲಾಟಲಿಯಾಯ್ಡಿಸ್ ಅಂತ ಅದರ ವೈಜ್ಞಾನಿಕ ಹೆಸರು. ಉದ್ದ ಒಂದು ಸೆಂ.ಮೀ. ಆಸುಪಾಸು. ಜೇಡಕ್ಕೆ ಎಂಟು ಕಾಲು, ಇರುವೆಗೆ ಆರು. ಅದಕ್ಕೇ ಇದು ಮುಂದಿನ ಎರಡು ಕಾಲು ಎತ್ತಿ ಮೀಸೆಯ ಹಾಗೆ ಆಡಿಸಿಕೊಂಡು ನಡೆಯುತ್ತದೆ. ಗಂಡಿನ ದವಡೆ ಎಷ್ಟು ಉದ್ದ ಅಂದರೆ, ಒಂದು ಇರುವೆ ಇನ್ನೊಂದನ್ನು ಕಚ್ಚಿ ಹೊತ್ತುಕೊಂಡು ಹೋಗುವಂತೆ ಕಾಣುತ್ತದೆ. ಗೊತ್ತಿಲ್ಲದವರು ಇರುವೆ ಅಂದುಕೊಂಡೇ ಮುಂದೆ ಹೋಗುತ್ತಾರೆ.

ಈ ಜೇಡಕ್ಕೆ ಕಣ್ಣು ಬಲು ಚುರುಕು. ಗಾಜಿನ ದೊಡ್ಡ ಮೂತಿ ಹತ್ತಿರ ಬಂದರೆ ಎಲೆಯ ಹಿಂದೆ ಸರಿಯುತ್ತದೆ, ಇಲ್ಲವಾದರೆ ಎಳೆ ಬಿಟ್ಟು ಕೆಳಗೆ ಇಳಿದುಬಿಡುತ್ತದೆ. ಅದು ಬಿಟ್ಟರೂ ಇರುವೆ ಬಿಡುವುದಿಲ್ಲ. ಕೈಗೆ ಹತ್ತುತ್ತವೆ, ಕಚ್ಚುತ್ತವೆ. ಇನ್ನೊಂದು ತೊಂದರೆಯೂ ಇದೆ. ಲೆನ್ಸ್ ಅಷ್ಟು ಹತ್ತಿರ ಹೋದಾಗ ಅದರ ನೆರಳೇ ಹುಳದ ಮೇಲೆ ಬೀಳುತ್ತದೆ. ಫ್ಲ್ಯಾಶಿನ ಬೆಳಕು ಒಳಗೆ ಹೋಗಲು ಸಂದಿಯೇ ಇರುವುದಿಲ್ಲ. ಅದಕ್ಕೇ ಓಡಾಡುವ ಹುಳ ತೆಗೆಯುವವರು 40 ತಗೊಳ್ಳಬೇಡಿ ಅನ್ನುತ್ತೇನೆ. ಲೆನ್ಸ್ ಕೆಟ್ಟದ್ದು ಅಂತಲ್ಲ. ಹೂವು, ನಾಣ್ಯ, ಅಂಚೆಚೀಟಿ ತೆಗೆಯುವವರಿಗೆ ಅದು ಬಂಗಾರ.

60ರಲ್ಲಿ ಡೆಪ್ತ್ ಜಾಸ್ತಿ ಸಿಗುತ್ತದೆ, 100ರಲ್ಲಿ ಕಡಿಮೆ ಅಂತ ಎಲ್ಲರೂ ಹೇಳುವುದಿದೆ. ಆದರೆ ಹುಳ ಚಿತ್ರದಲ್ಲಿ ಒಂದೇ ಗಾತ್ರಕ್ಕೆ ಬಂದಾಗ, ಒಂದೇ ಅಪರ್ಚರ್ (ಲೆನ್ಸ್ ಬೆಳಕು ಒಳಬಿಡುವ ಕಂಡಿ; ಎಫ್ ನಂಬರು ದೊಡ್ಡದಾದಷ್ಟೂ ಕಂಡಿ ಸಣ್ಣದು) ಇಟ್ಟಾಗ, ಸ್ಪಷ್ಟವಾಗಿ ಕಾಣುವ ದಪ್ಪ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. 1:1ರಲ್ಲಿ ಎಫ್/11 ಇಟ್ಟರೂ ಅದು ಒಂದು ಮಿಲಿಮೀಟರ್ ತುಂಬುವುದಿಲ್ಲ. ಬದಲಾಗುವುದು ಹಿಂದಿನ ನೋಟ. ಉದ್ದದ ಲೆನ್ಸ್ ಹಿನ್ನೆಲೆಯ ಸಣ್ಣ ತುಂಡನ್ನಷ್ಟೇ ಹಿಡಿಯುತ್ತದೆ. ಅಡಿಕೆ ತೋಟದಲ್ಲಿ ಇದು ದೊಡ್ಡ ಉಪಕಾರ. ಮರಗಳ ಸಂದಿಯಲ್ಲಿ ಬಿಳಿ ಆಕಾಶ, ಆಚೆ ಕಡೆ ಒಣ ಸೋಗೆ, ಎಲ್ಲ ಕಲಸಿಕೊಂಡಿರುತ್ತದೆ. 100ರಲ್ಲಿ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರೆ ಹಿಂದೆ ಬರೀ ಹಸಿರು ಉಳಿಯುತ್ತದೆ. 60ರಲ್ಲಿ ಎಷ್ಟು ಸರಿದರೂ ಒಂದು ಬಿಳಿ ಚುಕ್ಕೆ ಮೂಲೆಯಲ್ಲಿ ಇಣುಕುತ್ತಲೇ ಇರುತ್ತದೆ.

ಈಗ ಹುಳದ ಪ್ರಶ್ನೆಗೆ ಬರೋಣ. ಚಿಟ್ಟೆ ತೆಗೆಯಬೇಕು ಅನ್ನುವವರಿಗೆ ನಾನು ಮ್ಯಾಕ್ರೋ ಲೆನ್ಸನ್ನೇ ಹೇಳುವುದಿಲ್ಲ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂ.ಮೀ. ಅದನ್ನು 22 ಮಿ.ಮೀ. ಸೆನ್ಸರಿನಲ್ಲಿ ಹಿಡಿಸಲು ಆರು-ಎಂಟು ಪಾಲು ಚಿಕ್ಕದು ಮಾಡಬೇಕು. 1:1 ಏನು ಮಾಡಲಿಕ್ಕೆ? ಅದೂ ಅಲ್ಲದೆ ಅದು ಎತ್ತರದಲ್ಲಿ ಹಾರುವ ಜಾತಿ. ಅದಕ್ಕೂ ಏರೋಪ್ಲೇನ್ ಚಿಟ್ಟೆಗೂ ಅಣ್ಣನ ಮಗನ ಕೈಯಲ್ಲಿರುವ 55-250 ಸಾಕು. ಟ್ಯಾಮ್ರಾನ್‌ನ ಹಳೆ 70-300ರಲ್ಲಿ ಒಂದು ಸ್ವಿಚ್ ಇದೆ. ಅದನ್ನು ಹಾಕಿದರೆ 180ರಿಂದ 300ರ ನಡುವೆ 95 ಸೆಂ.ಮೀ. ದೂರದಿಂದ 1:2 ಸಿಗುತ್ತದೆ. ಚಿಕ್ಕ ಬಜೆಟ್ಟಿನಲ್ಲಿ ಚಿಟ್ಟೆ ತೆಗೆಯುವವರಿಗೆ ಇದಕ್ಕಿಂತ ಲಾಭದ್ದು ನಾನು ಕಂಡಿಲ್ಲ. ಬಿಸಿಲಲ್ಲಿ ಮರದ ಅಂಚಿಗೆ ನೇರಳೆ ಬಣ್ಣ ಬರುತ್ತದೆ ಅಂತ ದೂರುತ್ತಾರೆ. ಬರುತ್ತದೆ, ನಿಜ. ಎಡಿಟಿಂಗ್‌ನಲ್ಲಿ ತೆಗೆಯಬಹುದು.

ಗಿಡ ತೆಗೆಯುವವರಿಗೆ 60 ಒಳ್ಳೆಯದು. ಮಳೆಗಾಲದಲ್ಲಿ ಕರಾವಳಿಯ ಮುರಕಲ್ಲಿನ ಬಯಲಿನಲ್ಲಿ ಹುಳ ತಿನ್ನುವ ಪುಟ್ಟ ಡ್ರೋಸೆರಾ ಏಳುತ್ತದೆ. ಅದರ ಕೂದಲಿನ ತುದಿಯ ಅಂಟಿನ ಹನಿ ತೆಗೆಯಲು ನೆಲಕ್ಕೆ ಮೊಣಕೈ ಊರಿ ಮಲಗಬೇಕು. ಗಿಡ ಓಡುವುದಿಲ್ಲ, ಲೆನ್ಸ್ ಹತ್ತಿರ ಹೋದರೂ ಬೇಸರವಿಲ್ಲ. 60 ಹಗುರ, ಚೀಲದಲ್ಲಿ ಎಲ್ಲೋ ಒಂದು ಕಡೆ ಕೂರುತ್ತದೆ.

ಜೇಡ, ಮಿಡತೆ, ಸೂರ್ಯನ ಕುದುರೆ, ದುಂಬಿ, ಕಪ್ಪೆ, ಇವಕ್ಕೆಲ್ಲ 90ರಿಂದ 105. ಇದೇ ನನ್ನ ಉತ್ತರ. 150, 180 ಇನ್ನೂ ದೂರ ಕೊಡುತ್ತವೆ, ಆದರೆ ಒಂದು ಕಿಲೋ ಆಸುಪಾಸು, ಕೆಲವು ಅದಕ್ಕಿಂತ ಜಾಸ್ತಿ ತೂಕ. ಕಾಲುಸಂಕದ ಮೇಲೆ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಅದನ್ನು ಹಿಡಿದು ದಾಟುವ ಉಮೇದು ನನಗಿಲ್ಲ. ಹಾವು ತೆಗೆಯುವವರು ಬೇಕಾದರೆ ಯೋಚಿಸಲಿ.

ಇರುವೆಯ ಮುಖ ಮಾತ್ರ ಬೇಕು, ಚಿಟ್ಟೆಯ ಮೊಟ್ಟೆಯ ಮೇಲಿನ ಗೆರೆ ಬೇಕು ಅನ್ನುವವರದ್ದು ಬೇರೆಯೇ ಜಗತ್ತು. ಕ್ಯಾನನ್‌ನ ಎಂಪಿ-ಇ 65 ಅಂತ ಒಂದು ಲೆನ್ಸ್ 1999ರಲ್ಲಿ ಬಂತು. ಅದು ಶುರುವಾಗುವುದೇ 1:1ರಿಂದ, ಐದು ಪಟ್ಟಿನವರೆಗೆ ಹೋಗುತ್ತದೆ. ದೂರದ ಗುಡ್ಡ ಅದರಲ್ಲಿ ಕಾಣುವುದೇ ಇಲ್ಲ, ಆಟೋಫೋಕಸ್ ಇಲ್ಲ. ಲಾವೋವಾದವರ 25 ಎಂಎಂ ಎರಡೂವರೆಯಿಂದ ಐದು ಪಟ್ಟು. ಇವೆಲ್ಲ ಎರಡನೇ ಲೆನ್ಸು. ಮೊದಲನೆಯದಾಗಿ ತಗೊಂಡವರು ಹುಳವನ್ನು ವ್ಯೂಫೈಂಡರಿನಲ್ಲಿ ಹುಡುಕುವುದರಲ್ಲೇ ಸುಸ್ತಾಗುತ್ತಾರೆ.

ನನ್ನ ಹತ್ತಿರ ಮೊದಲು ಇದ್ದದ್ದು ಟ್ಯಾಮ್ರಾನ್ 90, ಹಳೆಯದು. ಈಗ ಇರುವುದು ನಿಕಾನ್ 105 ವಿಆರ್. ಚಿತ್ರ ನೋಡಿ ಯಾವುದು ಯಾವ ಲೆನ್ಸಿನದು ಅಂತ ಹೇಳಿ ಅಂದರೆ ನಾನು ಹೇಳಲಾರೆ. ಮ್ಯಾಕ್ರೋ ಲೆನ್ಸುಗಳಲ್ಲಿ ಚೂಪಿಲ್ಲದ್ದು ಸಿಗುವುದೇ ಕಷ್ಟ. ವ್ಯತ್ಯಾಸ ಇರುವುದು ಮೈಯಲ್ಲಿ. ಹತ್ತಿರ ಫೋಕಸ್ ಮಾಡುವಾಗ ಆ ಟ್ಯಾಮ್ರಾನ್ ಆಮೆ ಕತ್ತು ಚಾಚಿದ ಹಾಗೆ ಮುಂದೆ ಬರುತ್ತದೆ. 105ರಲ್ಲಿ ಎಲ್ಲ ಒಳಗೇ ನಡೆಯುತ್ತದೆ, ಹೊರಗಿನ ಉದ್ದ ಬದಲಾಗುವುದಿಲ್ಲ. ಹಾಗಾಗಿ ಹದಿನೈದು ಮಿಲಿಮೀಟರಿನ ವ್ಯತ್ಯಾಸಕ್ಕಿಂತ ಜಾಸ್ತಿ ಜಾಗ ಹುಳದ ಮುಂದೆ ಉಳಿಯುತ್ತದೆ. ಆದರೆ ಟ್ಯಾಮ್ರಾನ್ 400 ಗ್ರಾಂ ಅಷ್ಟೇ. 105 ಮುಕ್ಕಾಲು ಕಿಲೋ. ಸಂಜೆಯ ಹೊತ್ತಿಗೆ ಈ ಲೆಕ್ಕ ಮಣಿಕಟ್ಟಿಗೆ ಗೊತ್ತಾಗುತ್ತದೆ.

ನಿಕಾನಿನ ಡಿ3000, ಡಿ5000 ಸಾಲಿನ ಕ್ಯಾಮೆರಾದವರು ಒಂದು ನೋಡಿಕೊಳ್ಳಿ. ಆ ಕ್ಯಾಮೆರಾಗಳಲ್ಲಿ ಫೋಕಸ್ ಮೋಟರ್ ಇಲ್ಲ. ಮೋಟರ್ ಇಲ್ಲದ ಹಳೆ ಲೆನ್ಸ್ ಹಾಕಿದರೆ ಆಟೋಫೋಕಸ್ ಆಗುವುದಿಲ್ಲ. ಅಂಥ ಲೆನ್ಸ್ ಕಡಿಮೆಗೆ ಸಿಕ್ಕರೆ ನಾನಂತೂ ತಗೊಳ್ಳಿ ಅನ್ನುತ್ತೇನೆ. ಯಾಕೆಂದರೆ 1:1ರಲ್ಲಿ ಆಟೋಫೋಕಸ್ ಉಪಯೋಗಿಸುವುದೇ ಅಪರೂಪ. ಫೋಕಸ್ ರಿಂಗ್ ಒಂದು ಕಡೆ ನಿಲ್ಲಿಸಿ, ಮೈಯನ್ನೇ ಹಿಂದೆ ಮುಂದೆ ಒಂದು ಕೂದಲಷ್ಟು ಆಡಿಸಿ, ಹುಳದ ಕಣ್ಣು ಮಿನುಗಿದ ಕೂಡಲೇ ಒತ್ತಬೇಕು. ಹುಳ ಕೂತಿರುವ ಕಡ್ಡಿಯನ್ನು ಎಡಗೈಯಲ್ಲಿ ಹಿಡಿದು, ಅದೇ ಕೈಯ ಮೇಲೆ ಲೆನ್ಸ್ ಊರಿದರೆ ಇನ್ನೂ ಒಳ್ಳೆಯದು. ಗಾಳಿ ಬೀಸಿದರೆ ಕಡ್ಡಿ, ಲೆನ್ಸ್, ಕೈ ಎಲ್ಲ ಒಟ್ಟಿಗೇ ಅಲುಗುತ್ತವೆ.

ಸ್ಟೆಬಿಲೈಸೇಶನ್‌ಗೆ (ಕೈ ನಡುಕವನ್ನು ಲೆನ್ಸೇ ಸರಿದೂಗಿಸುವ ಏರ್ಪಾಡು) ಜಾಸ್ತಿ ದುಡ್ಡು ಕೊಡಬೇಕಾ? ಕ್ಯಾನನ್‌ನಲ್ಲಿ 100 ಎಂಎಂ ಎರಡು ಇವೆ. 2000ದಲ್ಲಿ ಬಂದ ಸಾದಾ ಯುಎಸ್‌ಎಂ, 2009ರಲ್ಲಿ ಬಂದ ಎಲ್ ಐಎಸ್. ಎರಡನೆಯದರ ಸ್ಟೆಬಿಲೈಸರ್ ಮಾಮೂಲಿ ದೂರದಲ್ಲಿ ನಾಲ್ಕು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಶಟರ್ ಎರಡು ಪಟ್ಟು ಹೊತ್ತು ತೆರೆದಿಡಬಹುದು), 1:1ರಲ್ಲಿ ಎರಡೇ ಸ್ಟಾಪ್ ಅಂತ ಕಂಪನಿಯವರೇ ಹೇಳುತ್ತಾರೆ. ಕೈ ನಡುಗುವುದನ್ನು ಅದು ತಡೆಯಬಹುದು, ಮಿಡತೆ ಅಲುಗುವುದನ್ನು ತಡೆಯುವುದಿಲ್ಲ. ಫ್ಲ್ಯಾಶ್ ಹಾಕಿ ತೆಗೆಯುವವರಿಗೆ ಸಾದಾ 100 ಸಾಕು ಅನ್ನುವುದು ನನ್ನ ಅಭಿಪ್ರಾಯ. ಅಣ್ಣನ ಮಗನಿಗೂ ಅದನ್ನೇ ಹೇಳಿದೆ, ಅದೂ ಸೆಕೆಂಡ್ ಹ್ಯಾಂಡ್. ನಾಳೆ ಮಿರರ್‌ಲೆಸ್‌ಗೆ ಹೋದರೂ ಅಡಾಪ್ಟರ್ ಹಾಕಿ ಅದೇ ಲೆನ್ಸ್ ನಡೆಯುತ್ತದೆ. ಉಳಿದ ದುಡ್ಡು ಫ್ಲ್ಯಾಶ್‌ಗೆ.

ಫ್ಲ್ಯಾಶ್ ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಮ್ಯಾಕ್ರೋದಲ್ಲಿ ಬೆಳಕು ಗೊತ್ತಾಗದ ಹಾಗೆ ಸೋರಿ ಹೋಗುತ್ತದೆ. 1:1ಕ್ಕೆ ಹೋದಾಗ ನೀವು ಇಟ್ಟ ಎಫ್ ನಂಬರು ಹೆಚ್ಚುಕಡಿಮೆ ಎರಡು ಪಟ್ಟಾದ ಹಾಗೆ. ಎಫ್/8 ಇಟ್ಟರೆ ಕೆಲಸದಲ್ಲಿ ಎಫ್/16. ಅಂದರೆ ನಾಲ್ಕರಲ್ಲಿ ಒಂದು ಪಾಲು ಬೆಳಕು. ನಿಕಾನ್ ಕ್ಯಾಮೆರಾ ಇದನ್ನು ಪರದೆಯ ಮೇಲೆ ತೋರಿಸುತ್ತದೆ. 105ನ್ನು ಅತಿ ಹತ್ತಿರಕ್ಕೆ ತಿರುಗಿಸಿದರೆ 2.8 ಇದ್ದದ್ದು 4.8 ಅಂತ ಆಗುತ್ತದೆ. ಲೆನ್ಸ್ ಕೆಟ್ಟಿದೆ ಅಂತ ಹೆದರುವವರಿದ್ದಾರೆ. ಕ್ಯಾನನ್ ತೋರಿಸುವುದಿಲ್ಲ, ಆದರೆ ಬೆಳಕು ಅಲ್ಲೂ ಹೋಗುತ್ತದೆ. ಇದರ ಮೇಲೆ ಎಫ್/22 ಎಲ್ಲ ಇಟ್ಟರೆ ಡೆಪ್ತ್ ಬರುತ್ತದೆ, ಆದರೆ ಡಿಫ್ರಾಕ್ಷನ್‌ನಿಂದ (ಸಣ್ಣ ಕಂಡಿಯಲ್ಲಿ ಬೆಳಕು ಚದುರಿ) ಇಡೀ ಚಿತ್ರ ಮಂಕಾಗುತ್ತದೆ. ನಾನು 8ರಿಂದ 11ರ ನಡುವೆಯೇ ಇರುತ್ತೇನೆ.

ಜುಲೈ ತಿಂಗಳ ಮಧ್ಯಾಹ್ನ ನಮ್ಮ ತೋಟದೊಳಗೆ ಪುಸ್ತಕ ಓದುವಷ್ಟು ಬೆಳಕೂ ಇರುವುದಿಲ್ಲ. ಅಲ್ಲಿ ಎಫ್/11 ಅಂದರೆ ಫ್ಲ್ಯಾಶ್ ಬೇಕೇ ಬೇಕು. ಅದರ ಲಾಭ ಬೆಳಕೊಂದೇ ಅಲ್ಲ. ಸಾಮಾನ್ಯ ಫ್ಲ್ಯಾಶನ್ನು ಹದಿನಾರನೇ ಒಂದು ಶಕ್ತಿಗೆ ಇಳಿಸಿದರೆ ಅದು ಮಿಂಚುವ ಹೊತ್ತು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಕೈ ನಡುಗಿದರೂ, ಎಲೆ ಅಲುಗಿದರೂ ಚಿತ್ರದಲ್ಲಿ ನಿಂತುಬಿಡುತ್ತದೆ. ಬರೀ ಫ್ಲ್ಯಾಶ್ ಮಾತ್ರ ಬೇಡ. ದುಂಬಿಯ ಬೆನ್ನು ಕನ್ನಡಿಯಂಥದ್ದು, ಬಿಳಿ ಕಲೆ ಹೊಡೆಯುತ್ತದೆ. ಹೊಸ ಟಿವಿಗೆ ಸುತ್ತಿ ಬರುವ ತೆಳು ಬಿಳಿ ಫೋಮ್ ಹಾಳೆಯನ್ನು ರಟ್ಟಿನ ಚೌಕಟ್ಟಿಗೆ ಅಂಟಿಸಿ ಲೆನ್ಸಿನ ಮೂತಿಯವರೆಗೆ ಬಾಗಿಸಿ ಕಟ್ಟಿಕೊಂಡಿದ್ದೇನೆ. ನೋಡಲು ಚೆಂದ ಇಲ್ಲ. ನಮ್ಮ ಮನೆಯವರು ಅದನ್ನು "ಮೊರ" ಅನ್ನುತ್ತಾರೆ. ಇಂಥದ್ದು ಹಿಡಿಸಲು ಹುಳದ ಮುಂದೆ ಹದಿನೈದು ಸೆಂ.ಮೀ. ಜಾಗ ಬೇಕು. ದೂರದ ಮಾತು ಮತ್ತೆ ಬಂತು ನೋಡಿ.

ಫ್ಲ್ಯಾಶ್ ತಗೊಳ್ಳುವ ಮೊದಲು ಕ್ಯಾಮೆರಾದ ತಲೆ ನೋಡಿ. 200ಡಿಯ ಎರಡನೇ ಆವೃತ್ತಿಯಲ್ಲಿ ಹಾಟ್‌ಶೂ (ಫ್ಲ್ಯಾಶ್ ಕೂರಿಸುವ ಜಾಗ) ನಡುವಿನ ಪಿನ್ ತೆಗೆದುಹಾಕಿದ್ದಾರೆ. ಅದರಲ್ಲಿ ಕಡಿಮೆ ಬೆಲೆಯ ಮ್ಯಾನುವಲ್ ಫ್ಲ್ಯಾಶ್ ಉರಿಯುವುದಿಲ್ಲ. ಅವನದ್ದು ಮೊದಲನೇ ಆವೃತ್ತಿ, ಬಚಾವ್.

ಇಷ್ಟೆಲ್ಲ ಕೇಳಿದ ಮೇಲೂ ಲೆನ್ಸ್ ಬೇಕೋ ಬೇಡವೋ ಅಂತ ಅನುಮಾನ ಇರುವವರಿಗೆ ರೇನಾಕ್ಸ್ ಡಿಸಿಆರ್-250 ಇದೆ. ಸಣ್ಣ ಗಾಜು, ಲೆನ್ಸಿನ ಮುಂದೆ ಕ್ಲಿಪ್ ಹಾಗೆ ಕೂರುತ್ತದೆ, 52ರಿಂದ 67 ಮಿ.ಮೀ. ಫಿಲ್ಟರ್ ಅಳತೆಗೆ ಆಗುತ್ತದೆ. ಅದರ ಶಕ್ತಿ 8 ಡಯಾಪ್ಟರ್. ಲೆಕ್ಕ ಸುಲಭ: ಸಾವಿರವನ್ನು ಎಂಟರಿಂದ ಭಾಗಿಸಿ, 125. ನಿಮ್ಮ ಝೂಮ್ 250ರಲ್ಲಿದ್ದು ಫೋಕಸ್ ಅನಂತಕ್ಕೆ ಇಟ್ಟರೆ 250 ಭಾಗಿಸು 125, ಎರಡು ಪಟ್ಟು. 125ಕ್ಕೆ ಝೂಮ್ ಇಳಿಸಿದರೆ 1:1. ಹುಳದಿಂದ ದೂರ ಯಾವಾಗಲೂ ಹನ್ನೊಂದು-ಹನ್ನೆರಡು ಸೆಂ.ಮೀ. ಅಷ್ಟರಲ್ಲೇ ಇರುತ್ತದೆ. ಎರಡು ಪಟ್ಟು ಶುರುವಿನವರಿಗೆ ಜಾಸ್ತಿ ಅನ್ನಿಸಿದರೆ ಡಿಸಿಆರ್-150 ಇದೆ, ಅದು 4.8 ಡಯಾಪ್ಟರ್. ಎಕ್ಸ್‌ಟೆನ್ಶನ್ ಟ್ಯೂಬ್ ಇನ್ನೊಂದು ದಾರಿ. ಕ್ಯಾಮೆರಾಗೂ ಲೆನ್ಸಿಗೂ ನಡುವೆ ಹಾಕುವಂಥದ್ದು, ಒಳಗೆ ಗಾಜಿಲ್ಲ, ಬರೀ ಕೊಳವೆ. 50 ಎಂಎಂ ಲೆನ್ಸಿಗೆ 50 ಮಿ.ಮೀ. ಟ್ಯೂಬ್ ಸೇರಿಸಿದರೆ 1:1 ದಾಟುತ್ತದೆ, ಆದರೆ ಹುಳದ ಮೂಗಿಗೇ ಮುಟ್ಟುತ್ತೀರಿ. ಉದ್ದದ ಲೆನ್ಸಿಗೆ ಟ್ಯೂಬಿನಿಂದ ಸಿಗುವ ಲಾಭ ಕಡಿಮೆ. ನನ್ನ ಓಟು ರೇನಾಕ್ಸ್‌ಗೆ.

ಕಪ್ಪೆ ತೆಗೆಯುವವರಿಗೆ ಎರಡು ಮಾತು. ಹೊನ್ನಾವರ-ಜೋಗದ ನಡುವಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ (ರಾಮಪತ್ರೆ ಮರಗಳ ಜೌಗು ಕಾಡು) ಕುಂಬಾರ ಕಪ್ಪೆ ಅಂತ ಒಂದಿದೆ. ಗಂಡು ಮೊಟ್ಟೆಗಳಿಗೆ ಮಣ್ಣು ಮೆತ್ತುತ್ತದೆ ಅಂತ ವಿಜ್ಞಾನಿಗಳು ಅದಕ್ಕೆ 2014ರಲ್ಲಿ 'ಕುಂಬಾರ' ಅನ್ನುವ ಹೆಸರನ್ನೇ ಇಟ್ಟರು. ಕಪ್ಪೆ ಮೊಟ್ಟೆ ಇಡುವ ಇಂಥ ಹೊತ್ತಿನಲ್ಲಿ ಪದೇ ಪದೇ ಫ್ಲ್ಯಾಶ್ ಹೊಡೆಯುವುದು, ಎಲೆ ಸರಿಸುವುದು ಬೇಡ. ಉಂಬಳಕ್ಕೆ, ಸೊಳ್ಳೆಗೆ ಅಂತ ಕೈಗೆ ಏನೇನೋ ಹಚ್ಚಿಕೊಂಡಿರುತ್ತೀರಿ, ಆ ಕೈಯಲ್ಲಿ ಕಪ್ಪೆ ಮುಟ್ಟಲೇಬೇಡಿ. ಅದರ ಚರ್ಮ ಎಲ್ಲವನ್ನೂ ಹೀರುತ್ತದೆ. ಹುಳವನ್ನು ಫ್ರಿಜ್ಜಿನಲ್ಲಿಟ್ಟು ಜಡ ಮಾಡಿ ತೆಗೆಯುವವರ ಜೊತೆ ನನಗೆ ಮಾತೇ ಇಲ್ಲ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ಟಾರ್ಚ್ ತಗೊಂಡು ಹೋಗಿ. ಅಪರ್ಚರ್ ಪೂರ್ತಿ ತೆಗೆದು, ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಯಂಥದ್ದು ಕಂಡರೆ ಫಂಗಸ್. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಒಂದೆರಡು ಧೂಳಿನ ಕಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಮಿನುಗಬಾರದು. ಫೋಕಸ್ ರಿಂಗ್ ಎಲ್ಲೂ ತಡೆಯದೆ ತಿರುಗಬೇಕು. ಮಲೆನಾಡಿನವರು ತಂದ ಮೇಲೂ ಹುಷಾರು. ನಾನು ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ, ಜೊತೆಗೆ ಸಣ್ಣ ತೇವಮಾಪಕ ಇಟ್ಟಿದ್ದೇನೆ. 40ರಿಂದ 50 ಶೇಕಡಾ ನಡುವೆ ಇದ್ದರೆ ಸರಿ. ಚೀಲದಲ್ಲೇ ಇಟ್ಟು ಆಷಾಢ ಕಳೆಯಬೇಡಿ.

ಅಷ್ಟರ ಮೇಲೂ 60ಕ್ಕೂ 100ಕ್ಕೂ ಮನಸ್ಸು ಓಲಾಡುತ್ತಿದ್ದರೆ, ಬೆಂಗಳೂರಿನಲ್ಲಿ ಲೆನ್ಸ್ ಬಾಡಿಗೆಗೆ ಸಿಗುತ್ತದೆ. ಶನಿವಾರ-ಭಾನುವಾರಕ್ಕೆ ಎರಡನ್ನೂ ತನ್ನಿ. ಕಾಡಿಗೆ ಹೋಗಬೇಕಿಲ್ಲ, ಮನೆಯ ಕರಿಬೇವಿನ ಗಿಡ ಸಾಕು. ಕಾಮನ್ ಮಾರ್ಮನ್ ಚಿಟ್ಟೆಯ ಹಸಿರು ಹುಳ ಒಂದಾದರೂ ಇದ್ದೇ ಇರುತ್ತದೆ. ಎರಡೂ ಲೆನ್ಸಿನಲ್ಲಿ ಅದರ ತಲೆಯನ್ನು 1:1ಕ್ಕೆ ತೆಗೆದು ನೋಡಿ. ಲೆನ್ಸ್ ಎಲೆಗೆ ತಾಗಿ ಗಿಡ ಅಲುಗಿತೋ, ಹುಳ ತಲೆಯ ಹಿಂದಿನಿಂದ ಕೆಂಪು ಕವಲಿನ ಕೊಂಬು ಹೊರಹಾಕುತ್ತದೆ, ಗಾಟು ವಾಸನೆ ಬರುತ್ತದೆ. ಯಾವ ಲೆನ್ಸಿಗೆ ಕೊಂಬು ಜಾಸ್ತಿ ಸಲ ಬಂತು ಅಂತ ನೋಡಿಕೊಂಡು ಇನ್ನೊಂದನ್ನು ತಗೊಳ್ಳಿ.